ಪಿಯುಸಿ ನಂತರ ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್ ತರಬೇತಿಗೆ ಮಗಳನ್ನು ಕಳುಹಿಸಬಹುದೇ?

ಗುಬ್ಬಿವಾಸಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ತುಮಕೂರಿನಲ್ಲಿ ಜೀವಶಾಸ್ತ್ರ ತೆಗೆದುಕೊಂಡು ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಪಾವಗಡದಲ್ಲಿರುವ ಅವಳ ಅಜ್ಜಿಗೆ ಕೊಳವೆಬಾವಿಯ ಫ್ಲೋರೈಡ್ ನೀರಿನಿಂದ ಬೆನ್ನು, ಮಂಡಿ ಬಿಗಿದುಕೊಂಡಿದ್ದವು. ಫಿಸಿಯೋಥೆರಪಿ ಮಾಡಿಸಿದ ಮೇಲೆ ಅವರು ಊರುಗೋಲು ಹಿಡಿದು ಓಡಾಡುವಂತಾದುದನ್ನು ಕಂಡು, ಇದೇ ವಿದ್ಯೆ ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ. ಇಲ್ಲಿ ಫಿಸಿಯೋಥೆರಪಿ ಪದವಿಯಾದ ಬಿಪಿಟಿ ಎಂದರೆ ನಾಲ್ಕು ವರ್ಷದ ಓದು, ಅದರ ಮೇಲೆ ಇಂಟರ್ನ್‌ಶಿಪ್. ಅದರ ಬದಲು ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಎರಡೇ ವರ್ಷ ಓದಿ ಫಿಸಿಕಲ್ ಥೆರಪಿಸ್ಟ್ (ಫಿಸಿಯೋಥೆರಪಿಸ್ಟ್‌ಗೆ ಅಲ್ಲಿರುವ ಹೆಸರು) ಅಸಿಸ್ಟೆಂಟ್ ಆಗಬಹುದೆಂದು ಅಲ್ಲಿರುವ ಅವಳ ಸೋದರಮಾವ ಹೇಳುತ್ತಿದ್ದಾರೆ. ಅಲ್ಲಿ ಏನು ಕಲಿಸುತ್ತಾರೆ, ಮುಂದೆ ಪೂರ್ಣ ಥೆರಪಿಸ್ಟ್ ಆಗಲು ಅದು ನೆರವಾಗುತ್ತದೆಯೇ, ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಕೆಲಸ ಸಿಗುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಶಿರಾದವಳು:

ನಮಸ್ಕಾರ ಸರ್. ನಾನು ಮದುವೆಯಾಗಿ ಅಮೆರಿಕಕ್ಕೆ ಬಂದು, ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಇದೇ ತರಬೇತಿ ಪಡೆದು, ಈಗ ವೃದ್ಧರ ಶುಶ್ರೂಷಾ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಎರಡು ವರ್ಷವೆಂಬ ಲೆಕ್ಕ ಸಾಮಾನ್ಯವಾಗಿ, ಬೇಸಿಗೆಯದೂ ಸೇರಿ, ಐದು ಸೆಮಿಸ್ಟರ್‌ಗಳದು. ಆದರೆ ಬಹಳಷ್ಟು ಕಾಲೇಜುಗಳಲ್ಲಿ ಅದಕ್ಕೂ ಮೊದಲು ಅಂಗರಚನೆ, ಶರೀರಕ್ರಿಯೆ, ಇಂಗ್ಲಿಷ್ ಬರವಣಿಗೆ, ಮನಶ್ಶಾಸ್ತ್ರ ಮುಂತಾದ ವಿಷಯಗಳನ್ನು ಓದಿ, ಅವುಗಳ ಅಂಕಗಳ ಮೇಲೆ ಪ್ರತ್ಯೇಕ ಅರ್ಜಿ ಹಾಕಬೇಕಾಗುತ್ತದೆ. ಸೀಟುಗಳು ಕಡಿಮೆ, ಕಾಲೇಜಿಗೆ ಸೇರಿದ ಮಾತ್ರಕ್ಕೆ ಈ ಕೋರ್ಸಿಗೆ ಸೇರಿದಂತಾಗುವುದಿಲ್ಲ. ಆದ್ದರಿಂದ ಮೂರು ವರ್ಷವೆಂದೇ ಎಣಿಸಿಕೊಳ್ಳುವುದು ಒಳ್ಳೆಯದು.

ಕಲಿಕೆಯ ಜೀವಾಳವಿರುವುದು ಲ್ಯಾಬಿನಲ್ಲಿ. ಕೀಲು ಎಷ್ಟು ಡಿಗ್ರಿ ಮಡಚುತ್ತದೆಂದು ಗೋನಿಯೋಮೀಟರ್ ಇಟ್ಟು ಅಳೆಯುವುದು, ಸ್ನಾಯುವಿನ ಬಲವನ್ನು ಸೊನ್ನೆಯಿಂದ ಐದರವರೆಗೆ ಗುರುತಿಸುವುದು, ಸೊಂಟಕ್ಕೆ ಬೆಲ್ಟ್ ಕಟ್ಟಿ ರೋಗಿಯನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟಿಸುವುದು, ಊರುಗೋಲಿನಲ್ಲಿ ಮೆಟ್ಟಿಲು ಹತ್ತಿಸುವುದು ಇವನ್ನೆಲ್ಲ ಸಹಪಾಠಿಗಳ ಮೇಲೆಯೇ ಅಭ್ಯಾಸ ಮಾಡಿ ಅಧ್ಯಾಪಕರ ಮುಂದೆ ಮಾಡಿ ತೋರಿಸಬೇಕು. ನಮ್ಮಲ್ಲಿ ಕುರ್ಚಿಯ ಬ್ರೇಕ್ ಹಾಕಲು ಮರೆತವರನ್ನು, ಉಳಿದದ್ದೆಲ್ಲ ಸರಿಯಿದ್ದರೂ, ಪಾಸು ಮಾಡುತ್ತಿರಲಿಲ್ಲ. ಆ ಕಟ್ಟುನಿಟ್ಟು ಸರಿಯೆಂದೇ ನಾನು ನಂಬುತ್ತೇನೆ, ಏಕೆಂದರೆ ಎಂಬತ್ತು ದಾಟಿದವರು ಒಮ್ಮೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡರೆ ಅನೇಕರು ಮೊದಲಿನಂತೆ ನಡೆಯಲಾರರು. ಇದಲ್ಲದೆ ಸರಾಸರಿ 16 ವಾರ ಆಸ್ಪತ್ರೆ, ಕ್ಲಿನಿಕ್‌ಗಳಲ್ಲಿ ಪೂರ್ಣಾವಧಿ ಕ್ಲಿನಿಕಲ್ ತರಬೇತಿ ಇರುತ್ತದೆ. ಕೊನೆಗೆ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿ, ಕೆಲಸ ಮಾಡುವ ರಾಜ್ಯದ ಪರವಾನಗಿ ಪಡೆಯಬೇಕು.

ಕೆಲಸದ ಎಲ್ಲೆಯನ್ನು ಮಗಳಿಗೆ ಈಗಲೇ ತಿಳಿಸಿ. ರೋಗಿಯನ್ನು ಮೊದಲು ಪರೀಕ್ಷಿಸಿ, ಗುರಿಗಳನ್ನು ನಿಗದಿಪಡಿಸಿ, ಚಿಕಿತ್ಸೆಯ ಯೋಜನೆ ಬರೆಯುವವರು ಫಿಸಿಕಲ್ ಥೆರಪಿಸ್ಟ್. ನಾವು ಅದನ್ನು ಅವರ ಮೇಲ್ವಿಚಾರಣೆಯಲ್ಲಿ ನಡೆಸಿ, ಪ್ರಗತಿಯನ್ನು ದಾಖಲಿಸುತ್ತೇವೆ. ವ್ಯಾಯಾಮವನ್ನು ಆ ಯೋಜನೆಯೊಳಗೆ ಹೆಚ್ಚುಕಡಿಮೆ ಮಾಡಬಹುದೇ ಹೊರತು ಯೋಜನೆಯನ್ನೇ ಬದಲಿಸುವಂತಿಲ್ಲ. ಆದರೂ ರೋಗಿಯ ಜೊತೆ ಹೆಚ್ಚು ಹೊತ್ತು ಕಳೆಯುವವರು ಬಹುತೇಕ ನಾವೇ, ನನಗೆ ಈ ಕೆಲಸ ಪ್ರಿಯವಾಗಿರುವುದೂ ಅದಕ್ಕೇ.

ಕೋಲಾರದ ಫಿಸಿಯೋ:

ಮೇಲಿನವರು ಹೇಳಿರುವುದು ಸರಿ, ಆದರೆ ಅವರು ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಓದಿದವರು ಎಂಬುದನ್ನು ಗಮನಿಸಬೇಕು. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಕೋರ್ಸಿನ ನಂತರ ಸಾಮಾನ್ಯವಾಗಿ 12 ತಿಂಗಳವರೆಗೆ ಓಪಿಟಿ (ಓದಿದ ವಿಷಯದಲ್ಲೇ ಕೆಲಸ ಮಾಡಲು ವಿದ್ಯಾರ್ಥಿಗಳಿಗೆ ಕೊಡುವ ತಾತ್ಕಾಲಿಕ ಅನುಮತಿ) ಅಡಿಯಲ್ಲಿ ಕೆಲಸಕ್ಕೆ ಅವಕಾಶವಿದೆ. ಆಮೇಲೆ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ, ಏಕೆಂದರೆ ನೌಕರಿಗಾಗಿ ಕೊಡುವ ಎಚ್-1ಬಿ ವೀಸಾಕ್ಕೆ ಕನಿಷ್ಠ ಬ್ಯಾಚುಲರ್ ಪದವಿ ಬೇಡುವ ಹುದ್ದೆಯಾಗಿರಬೇಕು, ಅಸಿಸ್ಟೆಂಟ್ ಹುದ್ದೆಗೆ ಬೇಕಾಗಿರುವುದು ಎರಡು ವರ್ಷದ ಅಸೋಸಿಯೇಟ್ ಪದವಿ. ಗ್ರೀನ್ ಕಾರ್ಡಿಗೆ ಸಂಬಂಧಿಸಿದ ಷೆಡ್ಯೂಲ್ ಎ ಪಟ್ಟಿಯಲ್ಲಿ, ಅಂದರೆ ಅಲ್ಲಿ ಕೊರತೆಯಿದೆಯೆಂದು ಸರ್ಕಾರ ಗುರುತಿಸಿದ ವೃತ್ತಿಗಳ ಪಟ್ಟಿಯಲ್ಲಿ, ನರ್ಸ್‌ಗಳೂ ಫಿಸಿಕಲ್ ಥೆರಪಿಸ್ಟ್‌ಗಳೂ ಇದ್ದಾರೆ, ಅಸಿಸ್ಟೆಂಟ್‌ಗಳಿಲ್ಲ.

ಇನ್ನು ಇದನ್ನೇ ಮೆಟ್ಟಿಲಾಗಿಸಿಕೊಂಡು ಪೂರ್ಣ ಥೆರಪಿಸ್ಟ್ ಆಗುವ ಮಾತು. ಅಲ್ಲಿ ಥೆರಪಿಸ್ಟ್ ಆಗಲು ಡಿಪಿಟಿ ಎಂಬ ಡಾಕ್ಟರೇಟ್ ಬೇಕು, ಅದಕ್ಕೆ ಸೇರಲು ಸಾಮಾನ್ಯವಾಗಿ ಬ್ಯಾಚುಲರ್ ಪದವಿ ಬೇಕು. ಅಸಿಸ್ಟೆಂಟ್ ಕೋರ್ಸಿನ ವಿಷಯಗಳು ಅಲ್ಲಿಗೆ ಬಹುಮಟ್ಟಿಗೆ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಅವಳು ಇಲ್ಲೇ ಬಿಪಿಟಿ ಓದಲಿ. ನಮ್ಮ ಬಿಪಿಟಿಯವರೂ ಅಲ್ಲಿ ಪರವಾನಗಿಗೆ ಮುನ್ನ ಪದವಿಯ ಮೌಲ್ಯಮಾಪನ ಮಾಡಿಸಬೇಕು, ಕೊರತೆಯಿರುವ ವಿಷಯಗಳನ್ನು ಓದಬೇಕು ಎಂಬುದು ನಿಜ. ಆದರೂ ಆ ದಾರಿ ತೆರೆದಿರುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯ ಫ್ಲೋರೋಸಿಸ್ ರೋಗಿಗಳನ್ನು ನೋಡುವ ನನಗೆ, ಇಲ್ಲೇ ಉಳಿದರೂ ಅವಳ ವಿದ್ಯೆಗೆ ಕೆಲಸವಿದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಗುಬ್ಬಿವಾಸಿ:

ಇಬ್ಬರಿಗೂ ಕೃತಜ್ಞತೆಗಳು. ವೀಸಾದ ವಿಷಯ ನಮಗೆ ತಿಳಿದೇ ಇರಲಿಲ್ಲ. ಈ ವರ್ಷ ಬಿಪಿಟಿಗೇ ಅರ್ಜಿ ಹಾಕಿಸುತ್ತೇವೆ. ಆದರೆ ಈಗಾಗಲೇ ಗ್ರೀನ್ ಕಾರ್ಡ್ ಇರುವ ನನ್ನ ತಂಗಿಯ ಮಗನೂ ಇದೇ ಕೋರ್ಸಿಗೆ ಯೋಚಿಸುತ್ತಿದ್ದಾನೆ. ಅವನು ಕಾಲೇಜು ಆರಿಸುವಾಗ ಮೊದಲು ಏನನ್ನು ನೋಡಬೇಕು?

ಶಿರಾದವಳು:

ಕಾಲೇಜಿನ ಈ ಕೋರ್ಸಿಗೇ ಕ್ಯಾಪ್ಟಿ (ಫಿಸಿಕಲ್ ಥೆರಪಿ ಕೋರ್ಸುಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಸಂಸ್ಥೆ) ಮಾನ್ಯತೆ ಇದೆಯೇ ಎಂದು ಆ ಸಂಸ್ಥೆಯ ಜಾಲತಾಣದಲ್ಲೇ ನೋಡಲಿ. ಇಡೀ ಕಾಲೇಜಿಗಿರುವ ಮಾನ್ಯತೆ ಇದಕ್ಕೆ ಸಾಲದು. ಕೋರ್ಸಿಗೆ ಮಾನ್ಯತೆಯಿಲ್ಲದಿದ್ದರೆ ಸಾಮಾನ್ಯವಾಗಿ ಪರವಾನಗಿ ಪರೀಕ್ಷೆಗೆ ಕೂರಲು ಆಗುವುದಿಲ್ಲ. ಪರೀಕ್ಷೆಯಲ್ಲಿ ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿ ಕೋರ್ಸ್ ಪೂರೈಸಿದರು ಎಂಬ ಅಂಕಿಅಂಶಗಳನ್ನು ಮಾನ್ಯತೆ ಪಡೆದ ಕೋರ್ಸುಗಳು ಬಹಿರಂಗಪಡಿಸಲೇಬೇಕು. ಅವನ್ನು ಓದಿದ ಮೇಲೆ, ಅದೇ ರಾಜ್ಯದ ನಿವಾಸಿಯಾಗಿ ಕಡಿಮೆ ಶುಲ್ಕ ಅನ್ವಯಿಸುವ ಕಾಲೇಜಿಗೆ ಅರ್ಜಿ ಹಾಕಲಿ.