ಲಿಂಗತ್ವ, ಲೈಂಗಿಕ ಒಲವಿನ ಕಾರಣಕ್ಕೆ ಕೆಲಸದಲ್ಲಿ ತಾರತಮ್ಯ: ಬೆಂಗಳೂರಲ್ಲಿ ಯಾರಿಗೆ ದೂರು ಕೊಡೋದು?

ಕೆಂಗೇರಿ_ಕಡೆಯವ

ನಮಸ್ಕಾರ. ಐಟಿ, ಬಿಪಿಒ ನೌಕರರಿಗೆ ಹಂಚೋಕೆ ಕನ್ನಡದಲ್ಲಿ ಎರಡು ಪುಟದ ಮಾಹಿತಿ ಹಾಳೆ ತಯಾರಾಗ್ತಿದೆ. ಎರಡು ಕಲ್ಪಿತ ಉದಾಹರಣೆ ಇಟ್ಕೊಂಡಿದೀವಿ.

ಒಂದು, ಹೊರವರ್ತುಲ ರಸ್ತೆಯ ಬಿಪಿಒ. ಟ್ರಾನ್ಸ್ ಮಹಿಳೆಯೊಬ್ಬರನ್ನು ಕ್ಲೈಂಟ್ ಕರೆಗಳಿಂದ ತೆಗೆದು ಬ್ಯಾಕ್ ಆಫೀಸಿಗೆ ಹಾಕ್ತಾರೆ. ರಾತ್ರಿ ಪಾಳಿಯ ಕ್ಯಾಬ್ ಪಟ್ಟಿಯಲ್ಲಿ ಇನ್ನೂ ಹಳೇ ಹೆಸರೇ ಬರುತ್ತೆ. ಎರಡು, ಒಬ್ಬ ಟೀಮ್ ಲೀಡ್ ಗೇ ಅಂತ ಗೊತ್ತಾದ ಮೇಲೆ ರೇಟಿಂಗ್ ಇಳಿಸಿ, ಪಿಐಪಿ (ಇಷ್ಟು ದಿನದಲ್ಲಿ ಕೆಲಸ ಸುಧಾರಿಸಿ ಅನ್ನೋ ಗಡುವಿನ ಯೋಜನೆ) ಹಾಕಿ, "ನೀವೇ ರಾಜೀನಾಮೆ ಕೊಟ್ಬಿಡಿ" ಅಂತಾರೆ.

ಇಬ್ಬರಿಗೂ ಒಂದೇ ಕಾನೂನು ಸಿಗುತ್ತಾ? ಮೊದಲ ದೂರು ಯಾರ ಕೈಗೆ ಹೋಗಬೇಕು?

ಜಯನಗರ_ವಕೀಲೆ

ಒಂದೇ ಕಾನೂನು ಸಿಗಲ್ಲ. ಹಾಳೆಯ ಮೊದಲ ಸಾಲಲ್ಲೇ ಇದನ್ನ ಬರೀರಿ. ಬಹಳ ಜನ ಎರಡನ್ನೂ ಒಂದೇ ಅಂದ್ಕೊಂಡು ತಪ್ಪು ಕಲಂ ಹಾಕಿ ದೂರು ಕೊಡ್ತಾರೆ, ಕಂಪನಿ ಒಂದೇ ಪ್ಯಾರಾದಲ್ಲಿ ಅದನ್ನ ಹೊಡೆದು ಹಾಕುತ್ತೆ.

ಟ್ರಾನ್ಸ್ ವ್ಯಕ್ತಿಗಳಿಗೆ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ ಇದೆ. 2020ರ ಜನವರಿ 10ರಿಂದ ಜಾರಿಯಲ್ಲಿರೋ ಇದು ಖಾಸಗಿ ಕಂಪನಿಗೂ ಅನ್ವಯಿಸುತ್ತೆ. 9ನೇ ಕಲಂ ನೇಮಕಾತಿ, ಬಡ್ತಿ, ಕೆಲಸಕ್ಕೆ ಸಂಬಂಧಿಸಿದ ಯಾವ ವಿಷಯದಲ್ಲೂ ತಾರತಮ್ಯ ಕೂಡದು ಅನ್ನುತ್ತೆ. 11ನೇ ಕಲಂ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಒಬ್ಬ ದೂರು ಅಧಿಕಾರಿ ಇರಲೇಬೇಕು. 2020ರ ನಿಯಮಗಳು ಗಡುವನ್ನೂ ಹಾಕಿವೆ: ದೂರು ಸಿಕ್ಕ 15 ದಿನದಲ್ಲಿ ವಿಚಾರಣೆ, ವರದಿ ಕೊಟ್ಟ 15 ದಿನದಲ್ಲಿ ಸಂಸ್ಥೆಯ ಮುಖ್ಯಸ್ಥರಿಂದ ಕ್ರಮ. ಸಮಾನ ಅವಕಾಶ ನೀತಿಯನ್ನ ಕಂಪನಿ ಪ್ರಕಟಿಸಬೇಕು ಅಂತಲೂ ಅವೇ ನಿಯಮಗಳಲ್ಲಿದೆ.

ಹಾಗಾಗಿ ಮೊದಲ ಉದಾಹರಣೆಯವರ ಮೊದಲ ಮೇಲ್ ದೂರೇ ಆಗಬೇಕಿಲ್ಲ. "11ನೇ ಕಲಂ ಪ್ರಕಾರ ನಮ್ಮ ಸಂಸ್ಥೆಯ ದೂರು ಅಧಿಕಾರಿ ಯಾರು? ಸಮಾನ ಅವಕಾಶ ನೀತಿಯ ಪ್ರತಿ ಕಳಿಸಿ" ಅಂತ ಎರಡು ಸಾಲು ಸಾಕು. ಎಷ್ಟೋ ಕಡೆ ಹೆಸರೇ ಇರಲ್ಲ. ಉತ್ತರ ಬರದಿದ್ದರೆ ಆ ಮೌನವೇ ಮುಂದೆ ಸಾಕ್ಷಿ. ನಂತರ ದೂರನ್ನ ಎಚ್‌ಆರ್ ಮುಖ್ಯಸ್ಥರಿಗೂ ಎಂಡಿಗೂ ಒಟ್ಟಿಗೆ ಕಳಿಸಿ, 15 ದಿನ ಎಣಿಸಿ.

ಇದರ ದೌರ್ಬಲ್ಯವನ್ನೂ ಮುಚ್ಚಿಡಬೇಡಿ: 9ನೇ ಕಲಂ ಮುರಿದರೆ ಅಂತ ಕಾಯ್ದೆಯಲ್ಲಿ ನೇರ ಶಿಕ್ಷೆ ಇಲ್ಲ. 18ನೇ ಕಲಮಿನ ಆರು ತಿಂಗಳಿಂದ ಎರಡು ವರ್ಷದ ಶಿಕ್ಷೆ ಬೈಗುಳ, ದೈಹಿಕ, ಲೈಂಗಿಕ, ಮಾನಸಿಕ, ಆರ್ಥಿಕ ದೌರ್ಜನ್ಯಕ್ಕೆ. ಅದಕ್ಕೂ ಠಾಣೆಗೆ ಹೋದರೆ ಸಾಮಾನ್ಯವಾಗಿ ಎನ್‌ಸಿಆರ್ (ಎಫ್‌ಐಆರ್ ಅಲ್ಲ, ದೂರು ಬಂದಿದೆ ಅಂತ ಬರೆದುಕೊಂಡ ದಾಖಲೆ ಅಷ್ಟೇ) ಕೊಟ್ಟು ಕಳಿಸ್ತಾರೆ, ಯಾಕಂದ್ರೆ ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದ ತನಿಖೆಗೆ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. ಎನ್‌ಸಿಆರ್ ಪ್ರತಿ ಇಸ್ಕೊಂಡೇ ಬನ್ನಿ.

2025ರ ಅಕ್ಟೋಬರ್ 17ರ ಸುಪ್ರೀಂ ಕೋರ್ಟ್ ತೀರ್ಪನ್ನ ದೂರಲ್ಲಿ ಕಾಣಿಸಿ. ಕೆಲಸ ಕಳೆದುಕೊಂಡ ಟ್ರಾನ್ಸ್ ಶಿಕ್ಷಕಿಗೆ ಕೋರ್ಟ್ ಪರಿಹಾರ ಕೊಡಿಸಿತು. ಸಂಸ್ಥೆಗಳು ದೂರು ಅಧಿಕಾರಿಯನ್ನ ನೇಮಿಸಲೇಬೇಕು, ಮುಖ್ಯಸ್ಥರ ತೀರ್ಮಾನ ಒಪ್ಪಿಗೆ ಆಗದಿದ್ದರೆ ರಾಜ್ಯ ಮಾನವ ಹಕ್ಕುಗಳ ಆಯೋಗದ ಮುಂದೆ ಆಕ್ಷೇಪ ಎತ್ತೋ ವ್ಯವಸ್ಥೆ ಆಗಬೇಕು ಅಂತಲೂ ಹೇಳಿತು.

ಕೆಂಗೇರಿ_ಕಡೆಯವ

ತುಂಬಾ ಉಪಕಾರ ಮೇಡಂ. ಎರಡನೇ ಉದಾಹರಣೆ? ಸಲಿಂಗ ಸಂಬಂಧವನ್ನ ಅಪರಾಧ ಅನ್ನುತ್ತಿದ್ದ 377ನೇ ಕಲಂ 2018ರಲ್ಲಿ ಹೋಯ್ತಲ್ಲ, ಅದು ಸಾಕಾಗಲ್ವಾ?

ಜಯನಗರ_ವಕೀಲೆ

2018ರ ಸೆಪ್ಟೆಂಬರ್ 6ರ ಆ ಸುಪ್ರೀಂ ಕೋರ್ಟ್ ತೀರ್ಪು ಸಂವಿಧಾನದ 15ನೇ ವಿಧಿಯ "ಲಿಂಗ" ಅನ್ನೋ ಪದದಲ್ಲಿ ಲೈಂಗಿಕ ಒಲವೂ ಸೇರುತ್ತೆ ಅಂತು. ಸರ್ಕಾರಿ ಕಚೇರಿ, ನಿಗಮ, ಸಾರ್ವಜನಿಕ ಬ್ಯಾಂಕಿನಲ್ಲಿ ಇರೋರು ಇದನ್ನ ಹಿಡ್ಕೊಂಡು ಹೈಕೋರ್ಟಿಗೆ ರಿಟ್ ಹಾಕಬಹುದು. ಖಾಸಗಿ ಕಂಪನಿಯನ್ನ ಆ ವಿಧಿ ನೇರವಾಗಿ ಕಟ್ಟಿಹಾಕಲ್ಲ. ಖಾಸಗಿ ಕೆಲಸದಲ್ಲಿ ಲೈಂಗಿಕ ಒಲವಿನ ತಾರತಮ್ಯ ನಿಷೇಧಿಸೋ ಕಾಯ್ದೆ ಕೇಂದ್ರದಲ್ಲೂ ಇಲ್ಲ, ಕರ್ನಾಟಕದಲ್ಲೂ ಇಲ್ಲ. ಇದು ದೊಡ್ಡ ಅನ್ಯಾಯ. ಆದರೂ ಹಾಳೆಯಲ್ಲಿ ಇದ್ದದ್ದನ್ನ ಇದ್ದ ಹಾಗೆ ಬರೀಲೇಬೇಕು, ಇಲ್ಲದ ಕಾನೂನು ನಂಬಿ ಯಾರೂ ಕೆಲಸ ಕಳ್ಕೋಬಾರದು.

ಲೈಂಗಿಕ ಕಿರುಕುಳ ಇದ್ದರೆ 2013ರ ಪಾಶ್ (ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯೋ) ಕಾಯ್ದೆ ಇದೆ, ಆದರೆ ಅದರಡಿ ದೂರುದಾರರು ಮಹಿಳೆಯೇ ಆಗಿರಬೇಕು. ಆರೋಪಿ ಮಹಿಳೆಯಾದರೂ ದೂರು ನಿಲ್ಲುತ್ತೆ ಅಂತ ಕಲ್ಕತ್ತಾ ಹೈಕೋರ್ಟ್ 2020ರಲ್ಲಿ ಹೇಳಿದೆ, ಲೆಸ್ಬಿಯನ್ ನೌಕರರಿಗೆ ಇದು ಮುಖ್ಯ. ದೂರು ಕೊಡೋಕೆ ಗಡುವು ಘಟನೆ ಆದ ಮೂರು ತಿಂಗಳು.

ಹಳೇ_ಎಚ್ಆರ್

ಎರಡನೇ ಉದಾಹರಣೆಯವರಿಗೆ ಗಟ್ಟಿ ನೆಲ ಅಂದ್ರೆ ಕಂಪನಿಯ ಸ್ವಂತ ಕಾಗದಗಳೇ. ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಗಳ ನಡತೆ ಸಂಹಿತೆಯಲ್ಲಿ "ಲೈಂಗಿಕ ಒಲವು" ಅನ್ನೋ ಪದ ಸಾಮಾನ್ಯವಾಗಿ ಇರುತ್ತೆ. ಆಫರ್ ಲೆಟರಿನಲ್ಲಿ "ಕಂಪನಿಯ ನೀತಿಗಳಿಗೆ ಬದ್ಧ" ಅಂತ ಸಾಲಿದ್ದರೆ, ಆ ಬದ್ಧತೆ ಎರಡೂ ಕಡೆಗೆ ಅಂತ ವಾದಿಸಬಹುದು. ಮಾತೃ ಕಂಪನಿ ಹೊರದೇಶದ್ದಾದರೆ ಇಲ್ಲಿನ ಮ್ಯಾನೇಜರ್‌ನ ದಾಟಿ ಅಲ್ಲಿನ ಎಥಿಕ್ಸ್ ಹಾಟ್‌ಲೈನಿಗೇ ಬರೀರಿ.

ಪಿಐಪಿಗೆ ಸಹಿ ಕೇಳಿದರೆ "ಸ್ವೀಕರಿಸಿದ್ದೇನೆ, ಒಪ್ಪಿಲ್ಲ" ಅಂತ ಬರೆದು ದಿನಾಂಕ ಹಾಕಿ. ಪ್ರತಿ ವಾರದ ಮೀಟಿಂಗ್ ಆದ ದಿನವೇ ಏನು ಮಾತಾಯ್ತು, ಗುರಿ ಎಷ್ಟು, ಮುಗಿಸಿದ್ದೆಷ್ಟು ಅಂತ ಅಂಕಿ ಸಮೇತ ಮೇಲ್ ಹಾಕಿ. ಹಿಂದಿನ ರೇಟಿಂಗ್, ವಿಷಯ ಗೊತ್ತಾದ ದಿನ, ರೇಟಿಂಗ್ ಇಳಿದ ದಿನ, ಇವು ಮೂರೂ ಒಂದೇ ಕಾಗದದಲ್ಲಿ ಸಾಲಾಗಿ ಬಂದರೆ ಅದೇ ಅರ್ಧ ಕೇಸು.

ಕೇಸು ಕೆಡೋದು ಬಹಳ ಸಲ ಎರಡು ಕಡೆ. ಒಂದು, ಕಂಪನಿಯ ಮೇಲ್‌ಗಳನ್ನ ರಾಶಿಯಾಗಿ ಸ್ವಂತ ಜಿಮೇಲಿಗೆ ಫಾರ್ವರ್ಡ್ ಮಾಡೋದು. ಅದರಲ್ಲಿ ಕ್ಲೈಂಟ್ ಮಾಹಿತಿ ಒಂದು ಚೂರಿದ್ದರೂ ಗೌಪ್ಯತೆ ಉಲ್ಲಂಘನೆ ಅಂತ ಅವರೇ ನೋಟಿಸ್ ಕೊಡ್ತಾರೆ. ನಿಮಗೆ ಸಂಬಂಧಿಸಿದ ಪತ್ರಗಳ ದಿನಾಂಕ, ವಿಷಯ, ಕಳಿಸಿದವರ ಹೆಸರನ್ನ ಕೈಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಕೇಸು ಕೇಳೋ ಪ್ರಾಧಿಕಾರದ ಮೂಲಕ ಅವನ್ನೇ ತರಿಸಬಹುದು. ಇನ್ನೊಂದು, ರಾಜೀನಾಮೆ ಪೋರ್ಟಲ್. ಅದರಲ್ಲಿ ಕಾರಣ ಆರಿಸೋ ಪಟ್ಟಿ ಇರುತ್ತಲ್ಲ, ಎಚ್‌ಆರ್ ಪಕ್ಕದಲ್ಲೇ ಕೂತು "ವೈಯಕ್ತಿಕ ಕಾರಣ" ಒತ್ತಿಸ್ತಾರೆ. ಒತ್ತಿದ ಮೇಲೆ ವಜಾ ಅಂತ ಸಾಬೀತು ಮಾಡೋದು ಬಲು ಕಷ್ಟ. ಒತ್ತಿಬಿಟ್ಟಿದ್ದರೆ ಅದು ಅಂಗೀಕಾರ ಆಗೋ ಮುಂಚೆಯೇ, ಅದೇ ದಿನ, "ಒತ್ತಡದಲ್ಲಿ ಕೊಟ್ಟದ್ದು, ವಾಪಸ್ ಪಡೀತಿದೀನಿ" ಅಂತ ಮೇಲ್ ಮಾಡಿ.

ಕ್ಯಾಬ್ ವಿಷಯ: ಪಟ್ಟಿಯ ಹೆಸರು ಎಚ್‌ಆರ್ ತಂತ್ರಾಂಶದಿಂದ ತಾನಾಗೇ ಬರುತ್ತೆ. ಟ್ರಾನ್ಸ್‌ಪೋರ್ಟ್ ಡೆಸ್ಕಿನವರು ಅಲ್ಲಿ ತಿದ್ದಿದರೂ ರಾತ್ರಿ ಮತ್ತೆ ಹಳೇದೇ ಬಂದು ಕೂರುತ್ತೆ. "ಕರೆಯುವ ಹೆಸರು" ಮತ್ತು ಲಿಂಗದ ಕಾಲಂ ಎರಡನ್ನೂ ಮೂಲದಲ್ಲೇ ಬದಲಿಸೋಕೆ ಕೇಳಿ. ಜಿಲ್ಲಾಧಿಕಾರಿ ಕೊಡೋ ಗುರುತಿನ ಪ್ರಮಾಣಪತ್ರ ಇದ್ದರೆ ಅಲ್ಲಿಗೆ ವಾದ ಮುಗೀತು, ಅರ್ಜಿ ಕೇಂದ್ರದ ಟ್ರಾನ್ಸ್‌ಜೆಂಡರ್ ಪೋರ್ಟಲ್‌ನಲ್ಲೇ ಹಾಕಬಹುದು. ರಾತ್ರಿ ಪಾಳಿಯ ಮಹಿಳೆಯರಿಗೆ ಇರೋ ಮನೆವರೆಗಿನ ಡ್ರಾಪ್, ಭದ್ರತೆ ಅವರಿಗೂ ಸಿಗಬೇಕು. ನಡುರಾತ್ರಿ ಡ್ರೈವರ್ ಮುಂದೆ ಹಳೇ ಹೆಸರು ಕೂಗಿಸಿಕೊಳ್ಳೋದು ಬರೀ ಅವಮಾನ ಅಲ್ಲ, ಅಪಾಯ.

ಕಾರ್ಮಿಕ_ಭವನ_ದಾರಿ

ವಜಾ ಆಗೇಬಿಟ್ಟರೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ ನೋಡಿ. ಆರು ತಿಂಗಳು ಸತತ ದುಡಿದವರನ್ನ ಸಮಂಜಸ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯೋ ಹಾಗಿಲ್ಲ. ನೋಟಿಸ್ ಸಂಬಳ ಕೊಟ್ಟರೆ ಮುಗೀತು ಅಂತ ಕಂಪನಿ ಹೇಳುತ್ತೆ. ಹಾಗಲ್ಲ, ಕಾರಣವೂ ಬೇಕು. ಮೇಲ್ಮನವಿ ಕಾರ್ಮಿಕ ಇಲಾಖೆಗೆ, ತಡ ಮಾಡಬೇಡಿ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಮೊದಲು ನಿಮ್ಮ ಆಫೀಸಿನ ಜಾಗ ಯಾವ ಅಧಿಕಾರಿಯ ವ್ಯಾಪ್ತಿಗೆ ಬರುತ್ತೆ ಅಂತ ಕೇಳಿ, ಬೇರೆಯವರಿಗೆ ಕೊಟ್ಟರೆ ವಾರಗಟ್ಟಲೆ ವ್ಯರ್ಥ. ಆಫರ್ ಲೆಟರ್, ಕೊನೇ ಪೇ ಸ್ಲಿಪ್, ವಜಾ ಪತ್ರ, ನೀವು ಕೊಟ್ಟ ದೂರು ಎರಡೆರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿ.

"ನೀವು ಆಡಳಿತ ವರ್ಗ, ನಿಮಗೆ ಅನ್ವಯಿಸಲ್ಲ" ಅನ್ನೋ ತಕರಾರು ಟೀಮ್ ಲೀಡ್‌ಗೆ ಖಂಡಿತ ಬರುತ್ತೆ. ಹುದ್ದೆಯ ಹೆಸರು ಮುಖ್ಯ ಅಲ್ಲ, ನೇಮಕ ಮಾಡೋ, ತೆಗೆಯೋ ಅಧಿಕಾರ ನಿಜವಾಗಿ ಇತ್ತಾ ಅನ್ನೋದು ಮುಖ್ಯ. ರಜೆ ಮಂಜೂರಿಗೂ ಮೇಲಿನವರ ಒಪ್ಪಿಗೆ ಬೇಕಿತ್ತು ಅಂತ ತೋರಿಸೋ ಒಂದು ಮೇಲ್ ಇದ್ದರೆ ಅದನ್ನ ಹೆಸರಿಸಿ.

"ಮನೆಯವರಿಗೆ ಹೇಳ್ತೀವಿ" ಅಂತ ಯಾರಾದರೂ ಹೆದರಿಸಿದರೆ ಅದು ಎಚ್‌ಆರ್ ವಿಷಯ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ, ಅಪರಾಧಿಕ ಬೆದರಿಕೆ. ದುಡ್ಡೂ ಕೇಳಿದ್ದರೆ 308, ಸುಲಿಗೆ. ಚಾಟ್ ಅಳಿಸಬೇಡಿ, ಆ ಫೋನನ್ನೂ ಬದಲಿಸಬೇಡಿ.

ವಕೀಲರ ಖರ್ಚಿಗೆ ಹೆದರೋರಿಗೆ ಹಾಳೆಯ ಕೆಳಗೆ ದೊಡ್ಡಕ್ಷರದಲ್ಲಿ 15100 ಹಾಕಿ, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ.