ಅಂಡರ್‌ಗ್ರೌಂಡ್ ಬ್ಲಾಸ್ಟಿಂಗ್‌ಗೆ ಮನೆ ಅದುರ್ತಿದೆ, ಕಾಂಪೌಂಡ್ ಪಕ್ಕ ಟ್ರೆಂಚ್ ತೋಡಿದ್ರೆ ತಡಿಯತ್ತಾ?

ಹಳೇಮನೆ_ಓನರ್:
ಬೆಂಗಳೂರಲ್ಲಿ ನಮ್ಮನೆ ಹತ್ರ ನೆಲದೊಳಗೆ ಬಂಡೆ ಒಡೆಯೋ ಕೆಲಸ ನಡೀತಿದೆ, ಮಧ್ಯಾಹ್ನ ಸೈರನ್ ಆಗತ್ತೆ, ಆಮೇಲೆ ಢಬ್ ಅಂತ ಕೆಳಗಿಂದ ಯಾರೋ ಒದ್ದಂಗೆ, ಅಡುಗೆಮನೆ ಪಾತ್ರೆಯೆಲ್ಲ ಗಲಗಲ. ಮನೆ ನಮ್ಮಪ್ಪ ಕಟ್ಟಿಸಿದ್ದು, ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ, ಪಿಲ್ಲರ್ ಇಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಬಿರುಕಿದೆ, ಮುಂಚೇನೇ ಇತ್ತು ಅಂತ ನಾನು, ಈಗ ಬಂದಿದ್ದು ಅಂತ ನಮ್ಮನೆಯವ್ರು. ಸೈಟಿನವ್ರು "ಲಿಮಿಟ್ ಒಳಗೇ ಇದೆ ಸಾರ್" ಅಂತಾರೆ, ಯಾವ ಲಿಮಿಟ್ಟೋ ಏನೋ. ನಮ್ ಮೇಸ್ತ್ರಿ ಕಾಂಪೌಂಡ್ ಉದ್ದಕ್ಕೂ ಆರಡಿ ಟ್ರೆಂಚ್ ತೋಡಿ ಮರಳು ತುಂಬ್ಸಿ ಅದುರೋದು ಅಲ್ಲೇ ನಿಂತೋಗತ್ತೆ ಅಂತಿದಾನೆ. ದುಡ್ಡು ಹಾಕ್ಬಹುದಾ?

ಡ್ರಿಲ್‌ರಾಡ್:
ಹಾಕ್ಬೇಡಿ ಗುರೂ. ಟ್ರೆಂಚ್ ಅಲೆ ತಡೀಬೇಕಂದ್ರೆ ಅದರ ಆಳ ಅಲೆಯ ಉದ್ದದ ಅರ್ಧಕ್ಕಿಂತ ಜಾಸ್ತಿ ಇರ್ಬೇಕು, ಸುಮಾರು 0.6 ಪಾಲು ಅಂತ ಲೆಕ್ಕ. ಗಟ್ಟಿ ಬಂಡೇಲಿ ಮೇಲ್ಮೈ ಅಲೆ ಸೆಕೆಂಡಿಗೆ 2000 ಮೀಟರ್ ಹೋಗತ್ತೆ ಅಂದ್ಕೊಳಿ, 40 ಹರ್ಟ್ಜ್ (ಸೆಕೆಂಡಿಗೆ 40 ಸಲ ಅದುರೋದು) ಇದ್ರೆ ಅಲೆ ಉದ್ದ 50 ಮೀಟರ್, ಟ್ರೆಂಚ್ 30 ಮೀಟರ್ ತೋಡ್ಬೇಕು, ಆಗ ನಿಮ್ಮನೇನೇ ಒಳಗೆ ಬೀಳತ್ತೆ. ಮೆತ್ತನೆ ಮಣ್ಣಲ್ಲಾದ್ರೆ ಮೂರು ಮೀಟರಲ್ಲಿ ಏನೋ ಒಂಚೂರು ಉಪಯೋಗ ಆಗ್ಬಹುದು, ಆದ್ರೆ ನಿಮಗೆ ಬ್ಲಾಸ್ಟ್ ಇರೋದೇ ಕೆಳಗೆ, ಅಲೆ ಪಾಯದ ಅಡಿಯಿಂದ ನೇರ ಮೇಲಕ್ಕೆ ಬರತ್ತೆ, ಪಕ್ಕದ ಗುಂಡಿ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಕಮ್ಮಿ ಮಾಡೋದಿದ್ರೆ ಸಿಡಿಸೋ ಕಡೆನೇ ಮಾಡ್ಬೇಕು. ಒಟ್ಟು ಎಷ್ಟು ಕೆಜಿ ಮದ್ದು ಅನ್ನೋದಕ್ಕಿಂತ ಒಂದು ಡಿಲೇಗೆ, ಅಂದ್ರೆ ಒಂದೇ ಗಳಿಗೇಲಿ ಸಿಡಿಯೋದು, ಎಷ್ಟು ಕೆಜಿ ಅನ್ನೋದು ಮುಖ್ಯ. ಕುಳಿಗಳೆಲ್ಲ ಒಂದೇ ಸಲ ಸಿಡಿಯಲ್ಲ, ಮಿಲಿಸೆಕೆಂಡ್ ಲೆಕ್ಕದಲ್ಲಿ ಒಂದರ ಹಿಂದೊಂದು ಸಿಡಿಸ್ತಾರೆ. ಡಿಲೇಗೆ 4 ಕೆಜಿ ಇದ್ದಿದ್ದು 1 ಕೆಜಿಗೆ ಇಳಿಸಿದ್ರೆ ಅದೇ ದೂರದಲ್ಲಿ ಅದುರು ಹೆಚ್ಚುಕಮ್ಮಿ ಮೂರನೇ ಒಂದಕ್ಕೆ ಬರತ್ತೆ. ಅದಕ್ಕೆ ಎಲೆಕ್ಟ್ರಾನಿಕ್ ಡೆಟೊನೇಟರ್ (ಮದ್ದು ಸಿಡಿಸೋ ಕಡ್ಡಿ) ಹಾಕಿದ್ರೆ ಟೈಮಿಂಗ್ ಆಚೀಚೆ ಆಗಲ್ಲ. ತೀರಾ ಹತ್ರ ಬಂದ್ರೆ ಮದ್ದೇ ಬೇಡ, ಕುಳಿಗೆ ಉಬ್ಬೋ ಪೌಡರ್ ತುಂಬ್ಸಿ ಸೀಳೋದು, ಹೈಡ್ರಾಲಿಕ್ ಸ್ಪ್ಲಿಟರ್, ವಜ್ರದ ಹರಳು ಕೂರಿಸಿದ ತಂತಿ ಗರಗಸ, ಇವೆಲ್ಲ ನಿಧಾನ ಮತ್ತೆ ಕಾಸ್ಟ್ಲಿ, ಅದಕ್ಕೇ ಕಂಟ್ರಾಕ್ಟರ್ ತಾನಾಗೇ ಬಾಯಿ ಬಿಡಲ್ಲ.

ಇನ್ನು ಅವ್ರು ಹೇಳೋ ಲಿಮಿಟ್ಟು. ಗಣಿಗಳಿಗೆ ಅಂತ ಡಿಜಿಎಂಎಸ್ (ಕೇಂದ್ರ ಸರ್ಕಾರದ ಗಣಿ ಸುರಕ್ಷತಾ ಇಲಾಖೆ) 1997ರಲ್ಲಿ ಒಂದು ಸರ್ಕ್ಯುಲರ್ ತಂತು, ಸಿಟಿ ಕೆಲಸದಲ್ಲೂ ಜನ ಅದನ್ನೇ ಹಿಡ್ಕೊಳೋದು. ಬೇರೆಯವ್ರ ವಾಸದ ಮನೆ ಆದ್ರೆ ನೆಲದ ಕಣ ಅಲ್ಲಾಡೋ ಗರಿಷ್ಠ ವೇಗ, ಅಂದ್ರೆ ಪಿಪಿವಿ, 8 ಹರ್ಟ್ಜ್‌ಗಿಂತ ಕೆಳಗೆ 5 ಮಿ.ಮೀ./ಸೆಕೆಂಡ್, 8ರಿಂದ 25ರವರೆಗೆ 10, ಅದಕ್ಕೂ ಮೇಲೆ 15. ಹಳೇ ಸ್ಮಾರಕ, ಸೂಕ್ಷ್ಮ ಕಟ್ಟಡ ಆದ್ರೆ 2, 5, 10. ಫ್ರೀಕ್ವೆನ್ಸಿ ಯಾಕೆ ಅಂದ್ರೆ ಒಂದೆರಡು ಮಹಡಿ ಮನೆ ತಾನಾಗೇ ತೂಗೋದು ಸುಮಾರು 4ರಿಂದ 12 ಹರ್ಟ್ಜ್‌ನಲ್ಲಿ, ಅಲೆನೂ ಅದೇ ತಾಳಕ್ಕೆ ಬಂದ್ರೆ ಗೋಡೆ ಜಾಸ್ತಿ ಕುಣಿಯತ್ತೆ. ಸೋ ಬರೀ ಪಿಪಿವಿ ನಂಬರ್ ಕೊಟ್ರೆ ಒಪ್ಕೋಬೇಡಿ, ಫ್ರೀಕ್ವೆನ್ಸಿನೂ ಕೇಳಿ.

ಚಾಂಪಿಯನ್‌ರೀಫ್ಸ್:
ನಾವು ಕೆಜಿಎಫ್‌ನವ್ರು, ನೆಲ ಅದುರೋದು ನಮಗೆ ಹೊಸದಲ್ಲ. ನಮ್ಮಲ್ಲಿ ಬ್ಲಾಸ್ಟಿಂಗ್‌ಗಿಂತ ರಾಕ್ ಬರ್ಸ್ಟ್‌ದೇ ಕಾಟ, ಮೂರು ಕಿಲೋಮೀಟರ್ ಆಳದಲ್ಲಿ ಬಂಡೆ ಒತ್ತಡಕ್ಕೆ ತಾನೇ ಸಿಡಿಯೋದು, 2001ರಲ್ಲಿ ಗಣಿ ಮುಚ್ಚಿದ್ಮೇಲೂ ಒಳಗೆ ನೀರು ತುಂಬ್ತಾ ಅದುರೋದು ನಿಂತಿರ್ಲಿಲ್ಲ. ಅದಕ್ಕೆ ಯಾರೂ ಟೈಮ್ ಇಡಕ್ಕಾಗಲ್ಲ, ನಿಮ್ದಕ್ಕೆ ಸೈರನ್ ಆದ್ರೂ ಇದೆ 😀 ಅಂದಹಾಗೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಶುರುವಾಗಿದ್ದು ನಮ್ಮೂರಲ್ಲೇ, ಬ್ಲಾಸ್ಟ್ ವೈಬ್ರೇಶನ್ ಅಳೆಯೋದು ಅವ್ರ ಕಸುಬು.

ಹಳೇಮನೆ_ಓನರ್:
ಥ್ಯಾಂಕ್ಸ್, ಟ್ರೆಂಚ್ ಕ್ಯಾನ್ಸಲ್. ಆದ್ರೆ ಮನೆ ಇಷ್ಟು ಜೋರಾಗಿ ಅದುರ್ತಿರೋವಾಗ 5 ದಾಟಿರಲ್ವಾ?

ಡ್ರಿಲ್‌ರಾಡ್:
ದಾಟಿರ್ಲೇಬೇಕು ಅಂತೇನಿಲ್ಲ. ಮನುಷ್ಯಂಗೆ 1 ಮಿ.ಮೀ./ಸೆಕೆಂಡ್ ಆದ್ರೂ ಚೆನ್ನಾಗೇ ಗೊತ್ತಾಗತ್ತೆ. ಅಮೆರಿಕದ ಬ್ಯೂರೋ ಆಫ್ ಮೈನ್ಸ್ 1980ರಲ್ಲಿ ಹಳೇ ಪ್ಲಾಸ್ಟರ್ ಗೋಡೆಗೆ, ಕಮ್ಮಿ ಫ್ರೀಕ್ವೆನ್ಸೀಲೂ, 12.7ರವರೆಗೆ ಓಕೆ ಅಂದಿತ್ತು, ನಮ್ಮ 5 ಅದಕ್ಕಿಂತ ಬಿಗಿ. ಪಾತ್ರೆ ಗಲಗಲ ಅನ್ನೋದು ಎಷ್ಟೋ ಸಲ ಗಾಳೀಲಿ ಬರೋ ಒತ್ತಡಕ್ಕೆ. ಆದ್ರೆ ಇದನ್ನ ಸೈಟಿನವ್ರ ಪರ ವಾದ ಅಂದ್ಕೋಬೇಡಿ, ಅಳತೆ ಇಲ್ದೆ ಅವ್ರ ಮಾತಿಗೂ ಬೆಲೆ ಇಲ್ಲ.

ನಾಗವೇಣಿ_ಸಿವಿಲ್:
ನಾನೊಂದು ಸೇರಿಸ್ತೀನಿ. ಮುಂದಿನ ಬ್ಲಾಸ್ಟ್‌ಗೆ ಮುಂಚೆ ಮನೆಯ ಪ್ರತಿ ಗೋಡೆ, ಸೂರು, ಸಂಪು ಎಲ್ಲ ಸ್ಕೇಲ್ ಇಟ್ಟು ಫೋಟೋ ತೆಗೀರಿ, ಬಿರುಕಿನ ತುದಿಗೆ ಪೆನ್ಸಿಲಲ್ಲಿ ಗೆರೆ ಎಳೆದು ಡೇಟ್ ಬರೀರಿ, ಅಡ್ಡಕ್ಕೆ ತೆಳು ಗಾಜಿನ ಪಟ್ಟಿ ಅಂಟಿಸಿ, ಬಿರುಕು ಅಗಲ ಆದ್ರೆ ಗಾಜು ಸೀಳತ್ತೆ. ಆದ್ರೆ ಬಿಸಿಲು, ಮಳೆ, ತೆಂಗಿನ ಬೇರು ಇವುಕ್ಕೂ ಸೀಳತ್ತೆ, ಹಾಗಾಗಿ ಬ್ಲಾಸ್ಟ್ ಆಗೋ ಟೈಮು ಡೈರೀಲಿ ಇರ್ಲಿ. ಕಿಟಕಿ ಮೂಲೆಯ ಓರೆ ಬಿರುಕು ಅಂದ್ರೆ ನಂಗೆ ಮೊದ್ಲು ಡೌಟ್ ಬರೋದು ಪಾಯ ಕುಸಿದಿರೋದ್ರ ಮೇಲೆ, ಲಿಂಟಲ್ ಮಟ್ಟದಲ್ಲಿ ಮನೆ ಸುತ್ತ ಪೂರ್ತಿ ಕಾಂಕ್ರೀಟ್ ಬೆಲ್ಟ್ ಇಲ್ದೇ ಬರೀ ಕಿಟಕಿ ಮೇಲಷ್ಟೇ ಇದ್ರೆ ಇನ್ನೂ ಜಾಸ್ತಿ. ಸೈಟಿನವ್ರಿಗೆ ಒಂದು ಲೆಟರ್ ಕೊಟ್ಟು ಸೀಸ್ಮೋಗ್ರಾಫನ್ನ (ಅದುರು ಅಳೆಯೋ ಮೆಷಿನ್) ನಿಮ್ಮನೆ ಪಾಯದ ಪಕ್ಕ ನೆಲಕ್ಕೆ ಭದ್ರವಾಗಿ ಕೂರಿಸಿ ಅಂತ ಕೇಳಿ, ಟೈಲ್ಸ್ ಮೇಲೆ ಸುಮ್ನೆ ಇಟ್ಟು ರೀಡಿಂಗ್ ತಗೊಂಡ್ರೆ ಸೈನ್ ಮಾಡ್ಬೇಡಿ. ಲೆಟರ್‌ಗೆ ಸೀಲ್ ಹಾಕ್ಸಿದ ಕಾಪಿ ನಿಮ್ಹತ್ರನೇ ಇರ್ಲಿ.

ಹಳೇಮನೆ_ಓನರ್:
ಬೆಲ್ಟ್ ಇಲ್ಲ ಮೇಡಂ, ಕಿಟಕಿ ಮೇಲೆ ಬರೀ ಚಪ್ಪಡಿ ಕಲ್ಲು. ಸೋಮವಾರ ಲೆಟರ್ ಕೊಡ್ತೀನಿ, ಡಿಲೇಗೆ ಎಷ್ಟು ಕೆಜಿ ಅನ್ನೋದನ್ನೂ ಅದರಲ್ಲೇ ಕೇಳ್ತೀನಿ.