ಅಪ್‌ಡೇಟ್: ಅಮ್ಮನ ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಗಿಯಿತು

ಮೊಣಕಾಲಿನ ಕೀಲು ಬದಲಾವಣೆಗೆ ಹೆದರಿ ಅಮ್ಮ ನಿದ್ದೆಗೆಟ್ಟಿದ್ದಾರೆ, ಭಯ ತಗ್ಗಿಸಲು ಮನೆಯಲ್ಲೇ ಮಾಡಬಹುದಾದದ್ದು ಏನಾದರೂ ಇದೆಯೇ ಎಂದು ಕೇಳಿದ್ದೆ. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಈಗ ವಾಕರ್ ಹಿಡಿದು ಅಡುಗೆಮನೆಯವರೆಗೆ ನಡೆಯುತ್ತಾರೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆಗಳು.

ಎಲ್ಲಕ್ಕಿಂತ ಕೈಹಿಡಿದದ್ದು ಉಸಿರಾಟ. ಮೂಗಿನಿಂದ ನಿಧಾನವಾಗಿ ಉಸಿರೆಳೆದುಕೊಂಡು, ಅದಕ್ಕಿಂತ ದೀರ್ಘವಾಗಿ ಹೊರಬಿಡುವುದು, ಅಷ್ಟೇ. ಹಾಗೆ ಮಾಡಿದಾಗ ಮೆದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಮೂಲಕ ಎದೆಬಡಿತ ನಿಧಾನವಾಗುತ್ತದೆ ಎಂದು ಅರಿವಳಿಕೆ ವೈದ್ಯರು ಬಿಡಿಸಿ ಹೇಳಿದರು. ಬೆನ್ನಿಗೆ ಚುಚ್ಚುಮದ್ದು ಕೊಡುವಾಗ ಅಮ್ಮ ದಿಂಬನ್ನು ಅಪ್ಪಿ, ಬಾಗಿ ಕುಳಿತು, ಉಸಿರು ಬಿಡುವಾಗಲೆಲ್ಲ ಮನಸ್ಸಿನಲ್ಲೇ ‘ರಾಮ’ ಎಂದುಕೊಂಡರಂತೆ. ಅಂಕಿ ಎಣಿಸುವುದಕ್ಕಿಂತ ಅವರಿಗೆ ಅದೇ ಒಗ್ಗಿತು.

ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ರೂಪಿಸಿದ ಸ್ನಾಯು ಸಡಿಲಿಸುವ ಕ್ರಮವನ್ನೂ ರಾತ್ರಿ ಮಲಗುವ ಮುನ್ನ ಮಾಡಿಸಿದೆ: ಮುಷ್ಟಿ, ಭುಜ, ದವಡೆಗಳನ್ನು ಒಂದೊಂದಾಗಿ ಬಿಗಿಹಿಡಿದು ಸಡಿಲ ಬಿಡುವುದು. ಆಪರೇಷನ್ ಆದ ಕಾಲಿಗೆ ಮಾತ್ರ ಫಿಸಿಯೋಥೆರಪಿಸ್ಟ್ ಹೇಳಿದ್ದಷ್ಟೇ.

ಮಂಡಿ ಮಡಿಸುವ ವ್ಯಾಯಾಮ ನಿಜಕ್ಕೂ ಯಾತನೆ. ಮೊದಮೊದಲು ಅಮ್ಮ ಹಲ್ಲು ಕಚ್ಚಿ, ಉಸಿರು ಹಿಡಿದು, ಮಂಚದ ಅಂಚನ್ನು ಬಿಗಿಯಾಗಿ ಅವುಚಿಕೊಳ್ಳುತ್ತಿದ್ದರು. ಉಸಿರು ಬಿಡುತ್ತಲೇ ಮಡಿಸಲು ಕಲಿತ ಮೇಲೆ ಕಾಲು ಇನ್ನಷ್ಟು ಬಾಗಿತು. ನೋವು ಇತ್ತು, ಗಾಬರಿ ಇರಲಿಲ್ಲ.

ಇದನ್ನೆಲ್ಲ ನಂಬಿ ನೋವಿನ ಮಾತ್ರೆಯನ್ನು ಯಾರೂ ದಯವಿಟ್ಟು ನಿಲ್ಲಿಸಬೇಡಿ. ವೈದ್ಯರು ಹೇಳಿದಂತೆ ವ್ಯಾಯಾಮಕ್ಕೆ ಮುಂಚೆಯೇ ಮಾತ್ರೆ ಕೊಡುತ್ತಿದ್ದೇವೆ.

ರಾತ್ರಿ ಮಗ್ಗುಲು ಬದಲಿಸುವಾಗ ಈಗಲೂ ನೋವಿನಿಂದ ಎಚ್ಚರವಾಗುತ್ತದೆ. ಅನುಭವವಿದ್ದವರು, ದಿಂಬನ್ನು ಹೇಗೆ ಇಟ್ಟುಕೊಂಡಿರಿ ಎಂದು ತಿಳಿಸುವಿರಾ?